ಎಲೆಯ ಕೊನೆಗೆ ಮಜ್ಜಿಗೆ

ಕನ್ನಡ ನಾಡಿನ ಊಟ ಮೊಸರು-ಮಜ್ಜಿಗೆಯಲ್ಲಿ ಮುಗಿಯುತ್ತದೆ. ಈ ರೂಢಿಗೆ ಸಿಗುವ ಹಳೆಯ ಕಣ್ಸಾಕ್ಷಿಗಳಲ್ಲಿ ಒಂದು ಮೊರಾಕೊದ ಪ್ರವಾಸಿ ಇಬ್ನ್ ಬತೂತನದು. 1342-43ರ ಸುಮಾರಿಗೆ ಅವನು ಹೊನ್ನಾವರದಲ್ಲಿ ಇಳಿದು ಅಲ್ಲಿನ ಸುಲ್ತಾನ ಜಮಾಲುದ್ದೀನನ ಪಂಕ್ತಿಯಲ್ಲಿ ಉಂಡ. ಉಂಡದ್ದನ್ನು ಬಡಿಸಿದ ಕ್ರಮದಲ್ಲೇ ಬರೆಸಿಟ್ಟ. ರೇಷ್ಮೆ ಉಟ್ಟ ದಾಸಿ ತಾಮ್ರದ ದೊಡ್ಡ ಸೌಟಿನಿಂದ ಅನ್ನ ಬಡಿಸಿ, ಮೇಲೆ ತುಪ್ಪ ಸುರಿದು, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ ಇಡುತ್ತಿದ್ದಳು. ಒಂದು ತುತ್ತು ಅನ್ನ, ಅದರ ಹಿಂದೆ ಒಂದು ಚೂರು ಉಪ್ಪಿನಕಾಯಿ. ಕೋಳಿ ಬಂತು, ಮೀನು ಬಂತು, ತುಪ್ಪದಲ್ಲಿ ಬೇಯಿಸಿದ ತರಕಾರಿ ಬಂತು. ಒಂದೊಂದರ ಜೊತೆಗೂ ಮತ್ತೆ ಅನ್ನ. ಎಲ್ಲ ಮುಗಿದ ಮೇಲೆ ಹೆಪ್ಪುಗಟ್ಟಿದ ಹಾಲು. ಅದು ಎದುರಿಗೆ ಬಂದಿತೆಂದರೆ ಇನ್ನೇನೂ ಬರುವುದಿಲ್ಲವೆಂದು ತಿಳಿಯಬೇಕು ಎನ್ನುತ್ತಾನೆ ಅವನು. ಆಮೇಲೆ ಬಿಸಿನೀರು ಕುಡಿಯುತ್ತಾರೆ, ಮಳೆಗಾಲದಲ್ಲಿ ತಣ್ಣೀರು ಒಗ್ಗುವುದಿಲ್ಲವೆಂದು.

ಆ ಹಾಲು ಗಟ್ಟಿ ಮೊಸರಾಗಿತ್ತೋ ಕಡೆದ ಮಜ್ಜಿಗೆಯಾಗಿತ್ತೋ, ಅವನು ಬಿಡಿಸಿ ಹೇಳಿಲ್ಲ. ಇದೇ ಸುಲ್ತಾನನ ಬಳಿ ಅವನು ಇನ್ನೊಮ್ಮೆ ಹನ್ನೊಂದು ತಿಂಗಳು ಇದ್ದ, ರೊಟ್ಟಿಯ ಮುಖ ಕಾಣದೆ. ಮಲಬಾರು, ಸಿಂಹಳ, ಮಾಲ್ಡೀವ್ಸ್ ಕಡೆಗಳಲ್ಲಿ ಮೂರು ವರ್ಷ ಬರೀ ಅನ್ನ ಉಂಡು, ಕೊನೆಕೊನೆಗೆ ನೀರು ಕುಡಿದರಷ್ಟೇ ತುತ್ತು ಇಳಿಯುವಂತಾಯಿತೆಂದು ಗೊಣಗಿದ್ದಾನೆ. ಅನ್ನದ ನಾಡಿನವರಿಗೆ ಈ ಕಷ್ಟ ಮೊದಲೇ ಗೊತ್ತಿದ್ದಂತಿದೆ. ಅವನ ಎದುರಿಗಿದ್ದ ಶುಂಠಿ, ಮೆಣಸು, ನಿಂಬೆ, ಹುಳಿತ ಹಾಲು, ಬಿಸಿನೀರು ಇಷ್ಟನ್ನೂ ಅಜೀರ್ಣದ ಮದ್ದಿನ ಪಟ್ಟಿಗೆ ಹಾಗೆಯೇ ಇಳಿಸಬಹುದು. ಆದರೆ ಯಾರೂ ಅವನಿಗೆ ಮದ್ದು ಕೊಡಲಿಲ್ಲ, ಊಟ ಬಡಿಸಿದರು. ಈ ನಾಡಿನಲ್ಲಿ ಜೀರ್ಣದ ಮದ್ದಿನ ಚರಿತ್ರೆ ಎಂದರೆ ಬಹುಪಾಲು ಊಟದ ಕ್ರಮದ ಚರಿತ್ರೆಯೇ.

ಇದರ ಹಿಂದಿರುವ ವಿಚಾರ ಆಯುರ್ವೇದದ್ದು. ಚರಕ ಸಂಹಿತೆ ಜೀರ್ಣಕ್ರಿಯೆಯನ್ನು ಬೆಂಕಿಯೆಂದು ಕಂಡಿತು. ಹೊಟ್ಟೆಯೊಳಗಿನ ಜಠರಾಗ್ನಿ ಒಂದು, ಪಂಚಭೂತಗಳ ಅಗ್ನಿ ಐದು, ಧಾತುಗಳ ಅಗ್ನಿ ಏಳು, ಒಟ್ಟು ಹದಿಮೂರು. ಈ ಬೆಂಕಿ ಹದವಾಗಿದ್ದರೆ ಸಮಾಗ್ನಿ, ಒಂದು ದಿನ ಉರಿದು ಇನ್ನೊಂದು ದಿನ ಆರಿದರೆ ವಿಷಮಾಗ್ನಿ, ಮಿತಿಮೀರಿದರೆ ತೀಕ್ಷ್ಣಾಗ್ನಿ, ಕುಂದಿದರೆ ಮಂದಾಗ್ನಿ. ಬೇಯದೆ ಉಳಿದ ಆಹಾರರಸಕ್ಕೆ ಆಮ ಎಂದು ಹೆಸರು; ಬಹಳಷ್ಟು ರೋಗಗಳ ಬೇರನ್ನು ವೈದ್ಯರು ಅಲ್ಲಿಯೇ ಹುಡುಕಿದರು. ಉಣ್ಣುವ ಅಳತೆಗೂ ಲೆಕ್ಕವಿತ್ತು. ಚರಕನ ಪ್ರಕಾರ ಹೊಟ್ಟೆಯ ಮೂರರಲ್ಲೊಂದು ಪಾಲು ಗಟ್ಟಿ ಆಹಾರಕ್ಕೆ, ಒಂದು ದ್ರವಕ್ಕೆ, ಒಂದು ವಾತಪಿತ್ತಕಫಗಳ ಓಡಾಟಕ್ಕೆ. ಮುಂದಿನ ಕಾಲದ ವೈದ್ಯ ವಾಗ್ಭಟ ಅದನ್ನೇ ನಾಲ್ಕು ಪಾಲು ಮಾಡಿ ಎರಡನ್ನು ಅನ್ನಕ್ಕೆ ಬಿಟ್ಟ. ಅನ್ನ ಉಣ್ಣುವವರಿಗೆ ವಾಗ್ಭಟನ ಲೆಕ್ಕವೇ ಹೆಚ್ಚು ಹಿಡಿಸಿರಬೇಕು.

ಕನ್ನಡಿಗರ ಮಾತಿನಲ್ಲಿ ಇದಕ್ಕೆ ಅಚ್ಚ ಪದ ‘ಅರಗು’. ತಿಂದದ್ದು ಅರಗಬೇಕು, ಅರಗದ್ದು ಹುಳಿತೇಗು, ಹೊಟ್ಟೆ ಉಬ್ಬರ, ವಾಯು ಎಂದು ಹೊರಬೀಳುತ್ತದೆ. ಸಂಸ್ಕೃತದಿಂದ ಬಂದ ‘ಜೀರ್ಣ’ಕ್ಕೆ ಸವೆದದ್ದು, ಹಳತಾದದ್ದು ಎಂಬ ಅರ್ಥವೂ ಇದೆ. ಶಾಸನಗಳಲ್ಲಿ ಹಳೆಯ ಗುಡಿಯ ದುರಸ್ತಿಗೆ ದತ್ತಿ ಬಿಡುವಾಗ ಬರುವ ಜೀರ್ಣೋದ್ಧಾರದ ಜೀರ್ಣ ಇದೇ. ಜೀರಿಗೆಯ ಮೂಲವಾದ ‘ಜೀರಕ’ವನ್ನೂ ಅದೇ ಧಾತುವಿಗೆ ಸೇರಿಸುವುದುಂಟು. ಇನ್ನು ಜೀರ್ಣದ ಪುರಾಣಕ್ಕೆ ಕರ್ನಾಟಕದಲ್ಲೇ ಒಂದು ಊರಿದೆ. ಇಲ್ವಲನೆಂಬ ರಾಕ್ಷಸ ತಮ್ಮ ವಾತಾಪಿಯನ್ನು ಆಡು ಮಾಡಿ, ಅಡಿಗೆ ಮಾಡಿ ಅತಿಥಿಗಳಿಗೆ ಉಣಿಸಿ, ಆಮೇಲೆ ಹೆಸರು ಹಿಡಿದು ಕೂಗುತ್ತಿದ್ದ. ವಾತಾಪಿ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಿದ್ದ. ಅಗಸ್ತ್ಯರು ಮಾತ್ರ ಉಂಡು, ಹೊಟ್ಟೆ ಸವರಿಕೊಂಡು ಅವನನ್ನು ಅರಗಿಸಿಬಿಟ್ಟರು. ಚಾಲುಕ್ಯರ ರಾಜಧಾನಿ ಬಾದಾಮಿಯ ಹಳೆಯ ಹೆಸರು ವಾತಾಪಿ. ಗುಹೆಗಳ ಕೆಳಗಿನ ಕೆರೆಗೆ ಇಂದಿಗೂ ಅಗಸ್ತ್ಯತೀರ್ಥವೆಂದೇ ಹೆಸರು. ಹಾಲು ಕುಡಿಸಿದ ಮಗುವಿನ ಹೊಟ್ಟೆಯನ್ನು ನೇವರಿಸುತ್ತ ಅಜ್ಜಿಯರು ಹೇಳುವ ‘ವಾತಾಪಿ ಜೀರ್ಣೋ ಭವ’ ಈ ಕತೆಯದು. ಮಂತ್ರದ ಪಾಲೆಷ್ಟೋ, ನೇವರಿಸುವ ಕೈಯ ಬಿಸಿಯ ಪಾಲೆಷ್ಟೋ, ಮಗುವಂತೂ ತೇಗುತ್ತದೆ.

ಮದ್ದು ಅಡಿಗೆಯೊಳಗೆ ಸೇರಿಕೊಂಡದ್ದನ್ನು ತೋರಿಸುವ ಕನ್ನಡದ ಹಳೆಯ ಪುಸ್ತಕ ಲೋಕೋಪಕಾರ. ಕಲ್ಯಾಣ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಎರಡನೆಯ ಚಾವುಂಡರಾಯ ಬರೆದ ಈ ಗ್ರಂಥದಲ್ಲಿ ಬೇಸಾಯ, ನೀರು ಹುಡುಕುವ ವಿದ್ಯೆ, ವೈದ್ಯ, ಸುಗಂಧ, ಅಡಿಗೆ ಎಲ್ಲ ಒಟ್ಟಿಗಿವೆ. ಅದರಲ್ಲಿ ಇಂದಿನ ಇಡ್ಲಿಯ ಹಿಂದಿನ ರೂಪವಾದ ಇಡ್ಡಲಿಗೆ ಮಾಡುವ ಬಗೆ ಬರುತ್ತದೆ. ಇಡ್ಡಲಿಗೆಯ ಹೆಸರು ಅದಕ್ಕೂ ನೂರು ವರ್ಷ ಹಿಂದಿನ ವಡ್ಡಾರಾಧನೆಯಲ್ಲೇ ಇದೆ, ಮಾಡುವ ವಿಧಾನ ಮಾತ್ರ ಇಲ್ಲಿ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರಿನಲ್ಲಿ ಕಲಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸಬೇಕು. ಅಕ್ಕಿಯ ಸುದ್ದಿಯೇ ಇಲ್ಲ.

ಈ ಪಟ್ಟಿಯನ್ನು ಸ್ವಲ್ಪ ನಿಂತು ನೋಡಬೇಕು. ಉದ್ದು ಭಾರ, ಬೇಗ ಅರಗುವುದಿಲ್ಲ, ವಾಯು ಮಾಡುತ್ತದೆ. ಅದನ್ನು ನೆನೆಹಾಕಿದ್ದು ನೀರಿನಲ್ಲಲ್ಲ, ಮಜ್ಜಿಗೆಯಲ್ಲಿ. ಹುಳಿ ಕಾಳನ್ನು ಮೃದು ಮಾಡುತ್ತದೆ, ಹುದುಗಿಗೂ ದಾರಿ ಮಾಡಿಕೊಡುತ್ತದೆ. ಆಮೇಲೆ ಸೇರಿದ ನಾಲ್ಕು ವಸ್ತುಗಳಲ್ಲಿ ಒಂದೂ ಬರೀ ರುಚಿಗೆ ಬಂದದ್ದಲ್ಲ. ವೈದ್ಯನ ಹಿಂಗ್ವಷ್ಟಕ ಚೂರ್ಣದಲ್ಲಿ ಇಂಗು, ಶುಂಠಿ, ಮೆಣಸು, ಹಿಪ್ಪಲಿ, ಓಮದ ಜಾತಿಯ ಅಜಮೋದ, ಎರಡು ಬಗೆಯ ಜೀರಿಗೆ, ಸೈಂಧವ ಲವಣ ಹೀಗೆ ಎಂಟು ಸೇರುತ್ತವೆ. ಊಟದ ಮೊದಲ ತುತ್ತಿಗೆ ತುಪ್ಪದೊಡನೆ ಕಲಸಿ ತಿನ್ನಬೇಕೆಂಬುದು ಅದರ ವಿಧಿ. ಚಾವುಂಡರಾಯನ ಇಡ್ಡಲಿಗೆಯಲ್ಲಿ ಆ ಚೂರ್ಣದ ಮುಖ್ಯ ಸರಕು ಹಿಟ್ಟಿನೊಳಗೇ ಕೂತಿದೆ. ಕಲ್ಯಾಣ ಚಾಲುಕ್ಯ ಅರಸ ಸೋಮೇಶ್ವರನ ಮಾನಸೋಲ್ಲಾಸದ ಇಡ್ಡರಿಕೆಗೂ ಮೆಣಸು, ಜೀರಿಗೆ, ಇಂಗು ಬೀಳುತ್ತವೆ. ಸುಮಾರು 1131ರ ಆ ಸಂಸ್ಕೃತ ಗ್ರಂಥದಲ್ಲಿ ಅನ್ನಭೋಗ, ಪಾನೀಯಭೋಗ, ತಾಂಬೂಲಭೋಗಗಳಿಗೆ ಬೇರೆ ಬೇರೆ ಅಧ್ಯಾಯಗಳೇ ಇವೆ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಅರಸು ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ಷಟ್ಪದಿಯಲ್ಲಿ ಸೂಪಶಾಸ್ತ್ರ ಬರೆದ. ಕನ್ನಡದಲ್ಲಿ ಬರೀ ಅಡಿಗೆಗೇ ಮೀಸಲಾದ ಹಳೆಯ ಪುಸ್ತಕ ಅದು.

ಕನ್ನಡದಲ್ಲಿ ಮನುಷ್ಯರ ವೈದ್ಯಕ್ಕೇ ಮೀಸಲಾಗಿ ಮೊದಲು ಸಿಗುವುದು 12ನೇ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ. ಜೈನನಾದ್ದರಿಂದ ಅವನ ಮದ್ದುಗಳಲ್ಲಿ ಮಧು, ಮದ್ಯ, ಮಾಂಸ ಮೂರೂ ಇಲ್ಲ. ಜೇನು ಬಿಟ್ಟು ಮದ್ದು ಮಾಡುವುದು ಆ ಕಾಲದ ವೈದ್ಯನಿಗೆ ಸಣ್ಣ ಮಾತಲ್ಲ. ಸಂಬಾರ, ಸೊಪ್ಪು, ಬೇರು, ಕಾಯಿಗಳ ಮೇಲೆಯೇ ಭಾರ ಹಾಕಬೇಕು; ಅವೆಲ್ಲ ಅಡಿಗೆಮನೆಯಲ್ಲಿ, ಹಿತ್ತಿಲಲ್ಲಿ ಇರುವಂಥವೇ.

ಇಂಗು ಮಾತ್ರ ಹಿತ್ತಿಲಿನದಲ್ಲ. ಅದು ಆಫ್ಘಾನಿಸ್ತಾನ, ಇರಾನ್ ಕಡೆಯ ಒಣಗುಡ್ಡಗಳ ಗಿಡದ ಬೇರಿನಿಂದ ಒಸರುವ ಅಂಟು. ಸಾವಿರ ವರ್ಷದಿಂದ ಕನ್ನಡಿಗರ ಒಗ್ಗರಣೆಯಲ್ಲಿದ್ದರೂ ಈ ನೆಲದಲ್ಲಿ ಬೆಳೆದದ್ದಲ್ಲ. ಭಾರತದಲ್ಲಿ ಅದನ್ನು ಬೆಳೆಯುವ ವ್ಯವಸ್ಥಿತ ಪ್ರಯತ್ನಕ್ಕೆ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಅಪ್ಪಟ ಇಂಗಿನ ಘಾಟು ತಡೆಯಲಾಗದ್ದು. ಅಂಗಡಿಯಲ್ಲಿ ಸಿಗುವುದು ಹಿಟ್ಟು, ಗೋಂದು ಬೆರೆಸಿ ಹದ ಮಾಡಿದ ಇಂಗು. ತೊಗರಿಬೇಳೆಯ ಹುಳಿಗೂ ಹುರುಳಿಕಟ್ಟಿನ ಸಾರಿಗೂ ಅದರ ಚಿಟಿಕೆ ಬೀಳುವುದು ಬೇಳೆಕಾಳಿನ ವಾಯುವಿಗೆ ಹೆದರಿ. ಬೆಳ್ಳುಳ್ಳಿ ಮುಟ್ಟದ ಮನೆಗಳಲ್ಲಿ ಅದರ ಮರ್ಯಾದೆ ಇನ್ನೂ ಒಂದು ಕೈ ಹೆಚ್ಚು.

ಕರಾವಳಿ, ಮಲೆನಾಡಿನಲ್ಲಿ ಮೆಣಸಿಗೆ ಮಾತ್ರ ಬರವಿರಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಅವಳು 1552ರಿಂದ ಅರ್ಧ ಶತಮಾನಕ್ಕೂ ಮೇಲೆ ಆಳಿದವಳು. ಅದೇ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕದ ಕೆಂಪುಕಾಯಿ ಬಂತು. ಕನ್ನಡ ಅದಕ್ಕೆ ಹೊಸ ಹೆಸರು ಹುಡುಕಲಿಲ್ಲ, ಮೆಣಸಿನ ಹಾಗೆ ಖಾರವಿರುವ ಕಾಯಿ ಮೆಣಸಿನಕಾಯಿ ಆಯಿತು. ಮುಂದೆ ಬಂದವಳೇ ಮನೆಯೊಡತಿಯಾಗಿ, ಮೊದಲಿದ್ದ ಮೆಣಸು ಕಾಳುಮೆಣಸು, ಕರಿಮೆಣಸು ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು. ಕರಾವಳಿಯವರು ಅದನ್ನು ಒಳ್ಳೆಮೆಣಸು ಎನ್ನುತ್ತಾರೆ. ಯಾವುದು ಹೊಟ್ಟೆಗೆ ಒಳ್ಳೆಯದೆಂಬ ತೀರ್ಪು ಆ ಹೆಸರಿನಲ್ಲೇ ಇದೆ. ಜ್ವರ ಬಂದವರಿಗೆ, ಬಾಯಿರುಚಿ ಕೆಟ್ಟವರಿಗೆ ಇಂದಿಗೂ ಮಾಡುವುದು ಮೆಣಸಿನ ಸಾರು, ಮೆಣಸಿನಕಾಯಿಯದಲ್ಲ.

ಬಾಳೆಎಲೆಯ ಊಟದಲ್ಲಿ ಈ ಎಲ್ಲ ಸಾಮಗ್ರಿಗೆ ಸ್ಥಳ, ಸರದಿ ಗೊತ್ತಾಗಿತ್ತು. ಆಪೋಶನದ ಒಂದು ಗುಟುಕು ನೀರಿನಿಂದ ಆರಂಭ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ; ಪಕ್ಕದಲ್ಲಿ ನೆನೆದ ಹೆಸರುಬೇಳೆಯ ಕೋಸಂಬರಿ. ಹಳೆ ಮೈಸೂರು ಕಡೆ ತೊವ್ವೆ-ತುಪ್ಪದ ಅನ್ನ, ಹುಳಿ, ಸಾರು, ನಡುವೆ ಭಕ್ಷ್ಯ, ಕೊನೆಗೆ ಮೊಸರನ್ನ ಅಥವಾ ಮಜ್ಜಿಗೆ. ಭಾರವಾದದ್ದು ನಡುವಿಗೆ, ಹಗುರಾದದ್ದು ಎರಡೂ ತುದಿಗೆ. ಉತ್ತರ ಕನ್ನಡ, ಶಿವಮೊಗ್ಗದ ಹವ್ಯಕರ ಮನೆಗಳಲ್ಲಿ ತಂಬುಳಿಗೆ ಮೊದಲ ಮಣೆ. ಒಂದೆಲಗ, ದೊಡ್ಡಪತ್ರೆ, ಮೆಂತ್ಯ, ಶುಂಠಿ, ಏನಿದ್ದರೂ ಸರಿ. ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ತೆಂಗಿನಕಾಯಿಯೊಡನೆ ಅರೆದು, ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಕುದಿಸುವುದಿಲ್ಲ. ಹೊಟ್ಟೆ ಕೆಟ್ಟು ಭೇದಿಯಾದವರಿಗೆ ಅದೇ ತಂಬುಳಿ ದಾಳಿಂಬೆ ಸಿಪ್ಪೆಯದಾಗುತ್ತದೆ. ಸಿಪ್ಪೆಯ ಒಗರು ಕರುಳನ್ನು ಹಿಡಿದು ನಿಲ್ಲಿಸುತ್ತದೆ ಎಂಬ ತಿಳಿವಳಿಕೆಯಿಂದ ದಾಳಿಂಬೆ ತಿಂದಾದ ಮೇಲೆ ಸಿಪ್ಪೆಯನ್ನು ಒಣಗಿಸಿ ಡಬ್ಬಿಯಲ್ಲಿಟ್ಟುಕೊಳ್ಳುತ್ತಿದ್ದರು. ಹುಳಿಮಾವು ಬೇಯಿಸಿ ಹಿಂಡಿ, ನೀರಾಗಿ ಮಾಡಿ ಇಂಗಿನ ಒಗ್ಗರಣೆ ಕೊಟ್ಟ ಅಪ್ಪೆಹುಳಿ ಊಟದ ಕೊನೆಗೆ ಲೋಟದಲ್ಲಿ ಬರುತ್ತದೆ. ಕುಡಿದವರು ಕೂತಲ್ಲೇ ತೂಕಡಿಸುವುದು ಅದರ ಇನ್ನೊಂದು ಗುಣ. ಮುರುಗಲ ಹಣ್ಣು ಕರಾವಳಿಯಲ್ಲಿ ಇದೇ ಕೆಲಸ ಮಾಡುತ್ತದೆ. ತುಳುವರಿಗೆ ಅದು ಪುನರ್ಪುಳಿ.

ಉಂಡ ಮೇಲಿನ ನಡವಳಿಕೆಗೂ ಹೆಸರುಗಳಿದ್ದವು. ನೂರು ಹೆಜ್ಜೆ ನಡೆಯುವುದು ಶತಪದಿ. ಆಮೇಲೆ ಎಡ ಮಗ್ಗುಲಿಗೆ ಸ್ವಲ್ಪ ಹೊತ್ತು ಒರಗುವುದು ವಾಮಕುಕ್ಷಿ. ಎರಡನೆಯದನ್ನು ತಪ್ಪದೆ ಪಾಲಿಸಿ ಮೊದಲನೆಯದನ್ನು ಮರೆತವರೇ ಹೆಚ್ಚು. ಎಡಕ್ಕೆ ಮಲಗುವುದರಲ್ಲಿ ಸತ್ಯವಿದೆ. ಜಠರದ ಉಬ್ಬು ಎಡಕ್ಕಿರುವುದರಿಂದ ಆ ಮಗ್ಗುಲಲ್ಲಿ ಆಮ್ಲ ಅನ್ನನಾಳಕ್ಕೆ ಹಿಂದಿರುಗುವುದು ಕಡಿಮೆ. ಎದೆಯುರಿಯವರಿಗೆ ಇಂದಿನ ವೈದ್ಯರೂ ಇದೇ ಮಾತು ಹೇಳುತ್ತಾರೆ.

ಇಷ್ಟೆಲ್ಲ ಬಡಿಸುವ ಎಲೆ ಎಲ್ಲರ ಮನೆಯದಾಗಿರಲಿಲ್ಲ. ಮಠ, ದೇವಸ್ಥಾನ, ಅನುಕೂಲಸ್ಥರ ಮನೆಗಳ ಆಚೆ, ಹೊಲದಲ್ಲಿ ದುಡಿಯುವವರ ಹೊಟ್ಟೆ ಕಾಯ್ದದ್ದು ಅಂಬಲಿ. ರಾಗಿಹಿಟ್ಟನ್ನು ತೆಳ್ಳಗೆ ಕಾಯಿಸಿ ರಾತ್ರಿ ಮಣ್ಣಿನ ಮಡಕೆಯಲ್ಲಿ ಬಿಡುವುದು. ಬೆಳಗಾಗುವಷ್ಟರಲ್ಲಿ ಅದು ಹುಳಿ ತಿರುಗಿರುತ್ತದೆ. ಅದಕ್ಕೆ ಮಜ್ಜಿಗೆ, ಉಪ್ಪು, ಕಚ್ಚಿಕೊಳ್ಳಲು ಒಂದು ಈರುಳ್ಳಿ. ಬಯಲುಸೀಮೆಯ ಉತ್ತರಕ್ಕೆ ಹೋದರೆ ರಾಗಿಯ ಜಾಗದಲ್ಲಿ ಜೋಳ, ರೊಟ್ಟಿಯ ಜೊತೆಗೆ ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ. ನಾರು, ಹುದುಗು, ನೀರು ಮೂರೂ ಅಲ್ಲಿವೆ, ಮದ್ದಿನ ಹೆಸರಿಲ್ಲದೆ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವ ಮೆಚ್ಚಿ ಉಂಡನೆಂಬ ಶರಣರ ಕತೆಯಲ್ಲೂ, ಭತ್ತ ಮತ್ತು ರಾಗಿಯನ್ನು ಜಗಳಕ್ಕೆ ನಿಲ್ಲಿಸಿ ರಾಗಿಯನ್ನು ಗೆಲ್ಲಿಸಿದ ಕನಕದಾಸರ ರಾಮಧಾನ್ಯಚರಿತೆಯಲ್ಲೂ ಈ ಊಟಕ್ಕೆ ಸಿಗಬೇಕಾದ ಗೌರವ ಸಿಕ್ಕಿದೆ. ಅಡಿಗೆಶಾಸ್ತ್ರದ ಪುಸ್ತಕಗಳು ಅಷ್ಟು ಧಾರಾಳಿಗಳಲ್ಲ.

ತಿನ್ನುವುದರಷ್ಟೇ ತಿನ್ನದಿರುವುದೂ ಮದ್ದು. ಲಂಘನ ಚರಕನ ಆರು ಚಿಕಿತ್ಸಾಕ್ರಮಗಳಲ್ಲಿ ಒಂದು. ಜನ ಅದನ್ನು ಪಂಚಾಂಗಕ್ಕೆ ಕಟ್ಟಿಹಾಕಿದರು. ಹದಿನೈದು ದಿನಕ್ಕೊಮ್ಮೆ ಏಕಾದಶಿ. ಮಾಧ್ವರಲ್ಲಿ ಕೆಲವರು ನೀರನ್ನೂ ಮುಟ್ಟುವುದಿಲ್ಲ, ಮರುದಿನ ದ್ವಾದಶಿಯ ಬೆಳಗಿಗೆ ಪಾರಣೆ. ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ಅವರದೇ ನಾಲ್ಕು ವ್ರತಗಳಿವೆ: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯವಿಲ್ಲ. ಮೊಸರು ಬಿಟ್ಟ ತಿಂಗಳಲ್ಲೂ ಮಜ್ಜಿಗೆಗೆ ಅಡ್ಡಿಯಿಲ್ಲ ಎಂಬುದು ಗಮನಿಸುವಂಥದ್ದು. ಮೊಸರು ಗುರು, ಮಜ್ಜಿಗೆ ಲಘು ಎನ್ನುವ ವೈದ್ಯರ ಭೇದ ವ್ರತದಲ್ಲೂ ಉಳಿದಂತೆ ಕಾಣುತ್ತದೆ. ಗ್ರಹಣಿ ಎಂಬ ಕರುಳಿನ ರೋಗಕ್ಕೆ ಚರಕ ಮಜ್ಜಿಗೆಯನ್ನೇ ಪಥ್ಯವಾಗಿ ಹೇಳುತ್ತಾನೆ. ವ್ರತಗಳು ಹುಟ್ಟಿದ್ದು ಆರೋಗ್ಯಕ್ಕಾಗಿಯೇ ಎಂದು ಈಗಿನವರು ಹೇಳುವುದು ಮಾತ್ರ ಅತಿಯಾಯಿತು. ಅವು ದೇವರಿಗಾಗಿ ಹುಟ್ಟಿದವು, ಹೊಟ್ಟೆಗೆ ವಿಶ್ರಾಂತಿ ಸಿಕ್ಕಿದ್ದು ಮೇಲಿನ ಲಾಭ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಜೈನರ ನಿಯಮವೂ ಅಹಿಂಸೆಗಾಗಿ ಬಂದದ್ದೇ. ಬೇಸಗೆಯ ರಾಮನವಮಿಯ ಪಾನಕ, ಕೋಸಂಬರಿ, ನೀರುಮಜ್ಜಿಗೆ ಮಾತ್ರ ಋತುವನ್ನು ನೋಡಿಯೇ ಆರಿಸಿದಂತಿವೆ. ಬೆಲ್ಲದ ಪಾನಕಕ್ಕೆ ಒಣಶುಂಠಿ, ಮೆಣಸು, ಏಲಕ್ಕಿ ಬೀಳದಿದ್ದರೆ ಅದು ಬರೀ ಸಿಹಿನೀರು.

ಪಂಕ್ತಿಯ ಊಟ ಗಂಡಸರ ಚರಿತ್ರೆಯಾದರೆ, ಮಕ್ಕಳ ಹೊಟ್ಟೆಯದು ಪೂರ್ತಿ ಹೆಂಗಸರದು, ಬರೆದಿಟ್ಟವರು ಕಡಿಮೆ. ಕೂಸು ರಚ್ಚೆ ಹಿಡಿದರೆ ಮೊದಲ ಅನುಮಾನ ದೃಷ್ಟಿಯ ಮೇಲೆ, ಎರಡನೆಯದು ಹೊಟ್ಟೆಯ ಮೇಲೆ. ದೃಷ್ಟಿಗೆ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ ಮೇಲೆ ತೇಯುವ ಕಲ್ಲು ಹೊರಗೆ ಬರುತ್ತಿತ್ತು. ಅಳಲೆಕಾಯಿ ಎರಡು ಸುತ್ತು, ಬಜೆ ಒಂದೇ ಸುತ್ತು ತೇಯ್ದು, ಎದೆಹಾಲಿನಲ್ಲಿ ಕಲಸಿ ನಾಲಗೆಗೆ ಸವರುವುದು. ಪ್ರಮಾಣದ ಅಳತೆ ಕಲ್ಲಿನ ಮೇಲಿನ ಆ ಸುತ್ತುಗಳೇ. ದೊಡ್ಡ ಮಕ್ಕಳಿಗೆ ಆಗಾಗ ಹರಳೆಣ್ಣೆಯ ಶಿಕ್ಷೆ. ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಓಮ, ಒಣಶುಂಠಿ. ಅವಳು ತಿಂದದ್ದು ಹಾಲಿನ ಮೂಲಕ ಮಗುವಿಗೂ ಮುಟ್ಟುತ್ತದೆಂಬ ನಂಬಿಕೆ. ಇವುಗಳಲ್ಲಿ ಬಜೆಯ ಮಾತು ಎಚ್ಚರದ್ದು. ಅದರ ಎಣ್ಣೆಯಲ್ಲಿರುವ ಬೀಟಾ-ಆಸರೋನ್ ಇಲಿಗಳಲ್ಲಿ ಗಡ್ಡೆ ತರಿಸಿದ್ದರಿಂದ ಅಮೆರಿಕ 1968ರಲ್ಲಿ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಹಸುಗೂಸಿನ ಬಾಯಿಗೆ ಅದನ್ನು ಹಾಕದಿರುವುದೇ ಮೇಲು; ಹರಳೆಣ್ಣೆಯ ಮಾತೂ ಅಷ್ಟೇ.

ಊಟದ ನಿಜವಾದ ಕೊನೆ ತಾಂಬೂಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ವೀಳ್ಯದೆಲೆಗೆ ಮನಸೋತು ಅದರ ಗುಣಗಳನ್ನು ಉದ್ದಕ್ಕೆ ಬರೆದ. ಹಸಿದವನ ಹಸಿವೆ ತಣಿಸುತ್ತದೆ, ಉಂಡವನಿಗೆ ಹಸಿವೆ ಹುಟ್ಟಿಸುತ್ತದೆ, ಬಾಯಿಯ ವಾಸನೆ ಹೋಗಲಾಡಿಸುತ್ತದೆ, ಹಲ್ಲು ಗಟ್ಟಿ ಮಾಡುತ್ತದೆ. ಅರಸನ ಅಂತಃಪುರ ಅಷ್ಟು ದೊಡ್ಡದಾಗಿರುವುದಕ್ಕೂ ಈ ಎಲೆಯೇ ಕಾರಣವಿರಬೇಕೆಂದು ಅವನು ತರ್ಕಿಸಿದ್ದಾನೆ. ಎಲೆಯಲ್ಲಿ ಬಾಯಿಯ ಜೊಲ್ಲು ಹೆಚ್ಚಿಸುವ ಖಾರದೆಣ್ಣೆಯಿದೆ, ಸುಣ್ಣ ಕ್ಷಾರ, ಅಡಿಕೆ ಒಗರು. ಉಂಡ ಮೇಲೆ ಹಗುರಾದಂತೆ ಅನ್ನಿಸುವುದು ಸುಳ್ಳಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಹೊಗೆಸೊಪ್ಪು ಇಲ್ಲದಿದ್ದರೂ ಸರಿ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯಕ್ಕೆ ಇದು ನುಂಗಲಾರದ ತುತ್ತು. ಮದುವೆಯಲ್ಲೊಮ್ಮೆ ಹಾಕಿಕೊಂಡ ತಾಂಬೂಲಕ್ಕೂ ದಿನವಿಡೀ ಕೆನ್ನೆಯಲ್ಲಿ ಇಟ್ಟುಕೊಳ್ಳುವ ಚೀಟಿ ಅಡಿಕೆಗೂ ವ್ಯತ್ಯಾಸ ದೊಡ್ಡದು. ಎರಡನೆಯದಕ್ಕೆ ಪರಂಪರೆಯ ಹೆಸರು ಹೇಳುವುದು ಸಲ್ಲದು. ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು.

ಮದ್ದು ಊಟದಿಂದ ಬೇರೆಯಾಗಿ ಬಾಟಲಿ ಸೇರಿದ್ದು 19ನೇ ಶತಮಾನದಲ್ಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ 1851ರಲ್ಲಿ ಗ್ರೈಪ್ ವಾಟರ್ ಮಾಡಿದ. ಸೋಡಾ, ಸಕ್ಕರೆ, ಮದ್ಯದ ಜೊತೆಗೆ ಅದರಲ್ಲಿದ್ದದ್ದು ಸಬ್ಬಸಿಗೆ ಬೀಜದ ಎಣ್ಣೆ. ಬಾಣಂತಿಯ ಸೊಪ್ಪು ಹೀಗೆ ಸಮುದ್ರದಾಚೆಯ ಶೀಷೆಯೊಳಗಿಂದ ಕನ್ನಡದ ತೊಟ್ಟಿಲಿಗೆ ಹಿಂದಿರುಗಿತು. 1870ರ ದಶಕದಲ್ಲಿ ಹೈರಮ್ ಕಾಡ್ ಕಂಡುಹಿಡಿದ ಗೋಲಿ ಬಾಟಲಿ ಊರೂರಿನ ಬಸ್‌ಸ್ಟ್ಯಾಂಡು, ಜಾತ್ರೆಗಳಲ್ಲಿ ಗೋಲಿಸೋಡಾ ಆಯಿತು. ನಿಂಬೆರಸ, ಉಪ್ಪು ಹಾಕಿ ಕುಡಿದು ಢರ್ರನೆ ತೇಗಿದರೆ ಅಜೀರ್ಣ ಹೋಯಿತೆಂದು ಲೆಕ್ಕ. ಓಮದಿಂದ ತೆಗೆದ ಥೈಮಾಲ್ 20ನೇ ಶತಮಾನದ ಆರಂಭದಲ್ಲಿ ಕೊಕ್ಕೆಹುಳುವಿಗೆ ಆಸ್ಪತ್ರೆಗಳ ಮದ್ದಾಗಿತ್ತು. ಬೆಳಗಿನ ಜೀರಿಗೆ-ಕೊತ್ತಂಬರಿ ಕಷಾಯದ ಲೋಟವನ್ನು ಕಾಫಿ ಆಕ್ರಮಿಸಿತು. ಮಲೆನಾಡಿನ ಕೆಲವು ಮನೆಗಳಲ್ಲಷ್ಟೇ ಬಂದವರನ್ನು ಇನ್ನೂ ‘ಕಷಾಯವೋ ಕಾಫಿಯೋ’ ಎಂದು ಕೇಳುತ್ತಾರೆ. ಕಾಯಿಲೆಯ ಹೆಸರೂ ಬದಲಾಯಿತು. ಮಂದಾಗ್ನಿ, ಅಗ್ನಿಮಾಂದ್ಯ ಪಂಡಿತರ ಬಾಯಲ್ಲಷ್ಟೇ ಉಳಿದವು. ‘ಗ್ಯಾಸ್ಟ್ರಿಕ್’ ಎಂಬ ಇಂಗ್ಲಿಷ್ ವಿಶೇಷಣವೊಂದು ಕನ್ನಡದಲ್ಲಿ ರೋಗದ ಹೆಸರೇ ಆಗಿ, ಎದೆಯುರಿಯಿಂದ ಬೆನ್ನುನೋವಿನವರೆಗೆ ಎಲ್ಲಕ್ಕೂ ಒದಗತೊಡಗಿತು.

ಅದೇ ಹೊತ್ತಿಗೆ ಹಳೆಯ ವಿದ್ಯೆಗೆ ಸರ್ಕಾರದ ಸೂರು ಸಿಕ್ಕಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ, ಮೈಸೂರಿನಲ್ಲಿ ಆಯುರ್ವೇದ ಕಾಲೇಜು ತೆರೆಯಿತು. ಅದೇ ಊರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶುರುವಾಯಿತು. ಅಲ್ಲಿನ ಸಂಶೋಧಕರು 1990ರ ದಶಕದಿಂದೀಚೆಗೆ ಅಜ್ಜಿಯ ಮಾತನ್ನು ಇಲಿಗಳ ಮೇಲೆ ಪರೀಕ್ಷೆಗೆ ಹಚ್ಚಿದರು. ಶುಂಠಿ, ಜೀರಿಗೆ, ಓಮ, ಮೆಂತ್ಯ, ಇಂಗು, ಮೆಣಸಿನ ಸತ್ವಗಳನ್ನು ಆಹಾರದಲ್ಲಿ ಕೊಟ್ಟಾಗ ಪಿತ್ತರಸ ಹೆಚ್ಚು ಒಸರಿತು, ಮೇದೋಜೀರಕ ಗ್ರಂಥಿಯ ಕಿಣ್ವಗಳು ಚುರುಕಾದವು. ಶುಂಠಿ, ಓಮ, ಜೀರಿಗೆಗಳಂಥವು ಆಹಾರ ಜಠರ, ಕರುಳುಗಳನ್ನು ದಾಟಿ ಹೊರಬೀಳುವ ಸಮಯವನ್ನೂ ತಗ್ಗಿಸಿದವು. ಇಲಿಯ ಹೊಟ್ಟೆ ಮನುಷ್ಯನದಲ್ಲ ಎಂಬುದು ನೆನಪಿರಬೇಕು. ಹೊಟ್ಟೆಹುಣ್ಣಿನ ವಿಷಯದಲ್ಲಂತೂ ಅಗ್ನಿಯ ತರ್ಕ ಸಾಲಲಿಲ್ಲ. ಬಹುಪಾಲು ಹುಣ್ಣಿಗೆ ಕಾರಣ ಒಂದು ಬ್ಯಾಕ್ಟೀರಿಯ ಎಂದು ತೋರಿಸಿಕೊಟ್ಟ ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಅದಕ್ಕೆ ಜೀರಿಗೆ ಕಷಾಯ ಉತ್ತರವಲ್ಲ. ವಾರಗಟ್ಟಲೆ ಬಿಡದ ನೋವು, ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ ಇವೂ ಅಡಿಗೆಮನೆಯ ಕೈಗೆ ಸಿಗುವ ಸಂಗತಿಗಳಲ್ಲ, ಡಾಕ್ಟರ ಬಳಿ ಹೋಗಬೇಕಾದವು.

ಈಗ ಗ್ರಂಥಿಗೆ ಅಂಗಡಿಯ ಅಳಲೆಕಾಯಿ ಆನ್‌ಲೈನಿನಲ್ಲಿ ತ್ರಿಫಲಾ ಮಾತ್ರೆಯಾಗಿ ಬರುತ್ತದೆ, ಮಸಾಲೆ ಮಜ್ಜಿಗೆ ನಂದಿನಿ ಪೊಟ್ಟಣದಲ್ಲಿ. ಮದುವೆ ಮನೆಯ ಎಲೆಯ ಮೇಲೆ ಗೋಬಿ ಮಂಚೂರಿ, ಪನೀರು, ಜಾಮೂನು ಒಟ್ಟಿಗೆ ಬೀಳುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಬಡಿಸುವವರಿಗೂ ಗೊತ್ತಿರುವುದಿಲ್ಲ. ಕದಲದೆ ಉಳಿದಿರುವ ಸರದಿ ಒಂದೇ. ಸ್ಟೀಲಿನ ಬಕೆಟ್ಟಿನಲ್ಲಿ ಮಜ್ಜಿಗೆ ಬಂದಿತೆಂದರೆ ಇನ್ನೇನೂ ಬರುವುದಿಲ್ಲ; ಅದನ್ನು ಕಂಡೊಡನೆ ಮುಂದಿನ ಪಂಕ್ತಿಯವರು ಉಣ್ಣುತ್ತಿರುವವರ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಾರೆ.